ಲೈನ್ ಬಿಡಿ ಎಂದ ಮಾತು

ಗಡಿಯ ಲೈನಿನಲ್ಲಿ ಗಾಡಿ ನಿಂತಿದೆ ಎಂದರೆ ನಮ್ಮ ಆಫೀಸಿನಲ್ಲಿ ಮೊದಲು ಕೇಳುವುದು ಫ್ರಿಜ್ ಎಷ್ಟು ಡಿಗ್ರಿ ಎಂದು. ಡ್ರೈವರ್ ಹೇಗಿದ್ದಾನೆ ಎಂಬುದು ಎರಡನೆಯ ಪ್ರಶ್ನೆ. ಕೆಟ್ಟ ಮನಸ್ಸಿನಿಂದ ಅಲ್ಲ. ಫ್ರಿಜ್ಜಿಗೆ ಬಾಯಿ ಇಲ್ಲ, ಡ್ರೈವರಿಗೆ ಇದೆ, ತೊಂದರೆಯಾದರೆ ಅವನೇ ಹೇಳುತ್ತಾನೆ ಎಂಬ ಲೆಕ್ಕ. ಆ ಲೆಕ್ಕ ತಪ್ಪಿದ ಒಂದು ಟ್ರಿಪ್ಪಿನ ವಿಷಯ ಇದು.

ಕುವೈತಿನ ಶುಐಬಾ ಬಂದರಿನ ಹಿಂದೆ ನಮ್ಮ ಕಂಪನಿಯ ಯಾರ್ಡ್. ನನ್ನದು ಡಿಸ್ಪ್ಯಾಚ್ ಕೆಲಸ. ಯಾವ ಡ್ರೈವರ್ ಯಾವ ಗಾಡಿ ಹಿಡಿದು ಎಲ್ಲಿಗೆ ಹೋಗಬೇಕು, ಈಗ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ, ಇಷ್ಟನ್ನು ನೋಡುವುದು. ಇದಕ್ಕೆ ಓದು ಬೇಡ. ದೊಡ್ಡ ಗಂಟಲು ಮತ್ತು ಮೂರು ನಾಲ್ಕು ಭಾಷೆ ಸಾಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕುರ್ಚಿ ಸಿಕ್ಕಿದ್ದು ಹಾಗೆ.

ಮೊದಲು ಯುರೋಪಿನ ಚೀಸ್, ಬೆಣ್ಣೆ ಎಲ್ಲ ಹಡಗಿನಲ್ಲಿ ಸೀದಾ ಕುವೈತಿಗೆ ಬರುತ್ತಿತ್ತು. ಕೆಂಪು ಸಮುದ್ರದಲ್ಲಿ ಹಡಗಿಗೆ ಹೊಡೆಯುವ ಗಲಾಟೆ ಶುರುವಾದ ಮೇಲೆ ಹಡಗುಗಳು ಆಫ್ರಿಕಾ ಸುತ್ತಿ ಬರತೊಡಗಿದವು. ಅಷ್ಟು ಸುತ್ತಿ ಬಂದ ದೊಡ್ಡ ಹಡಗು ನಮ್ಮ ಮಾಲಿಗಾಗಿ ಇಲ್ಲಿಯವರೆಗೆ ಬರುವುದಿಲ್ಲ. ದುಬೈಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಇಲ್ಲಿಗೆ ಸಣ್ಣ ಹಡಗು. ಅದು ಯಾವಾಗ ಬರುತ್ತದೆಂದು ಅದರ ಕ್ಯಾಪ್ಟನ್ನಿಗೂ ಗೊತ್ತಿರುವುದಿಲ್ಲ. ಡೇಟ್ ಇರುವ ಮಾಲು ದುಬೈಯಲ್ಲೇ ಮುದಿಯಾಗುತ್ತದೆ. ಅದಕ್ಕೇ ದೊಡ್ಡ ಅಂಗಡಿಗಳವರು ರೋಡಿನಲ್ಲಿ ತನ್ನಿ ಎಂದು ಕೇಳತೊಡಗಿದರು. ದುಬೈಯಿಂದ ಸೌದಿ ದಾಟಿ ನಮ್ಮ ಗಡಿಗೆ.

ನಮ್ಮ ಮ್ಯಾನೇಜರ್ ಮೈಸೂರು ಕಡೆಯ ಇಂಜಿನಿಯರ್. ಒಳ್ಳೆಯವರು, ಕೂಗುವುದಿಲ್ಲ. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮೀಟಿಂಗ್ ಕರೆದು ಗೋಡೆಯ ಮೇಲೆ ಚಿತ್ರ ತೋರಿಸಿದರು. ಒಂದು ಗೆರೆ ಕೆಳಗೆ ಹೋಗುತ್ತಿತ್ತು, ಅದು ಹಡಗು. ಒಂದು ಮೇಲೆ ಹೋಗುತ್ತಿತ್ತು, ಅದು ರೋಡು. ಮುಂದಿನ ವರ್ಷಗಳಲ್ಲಿ ಈ ದೇಶದ ಸಾಗಾಟವೆಲ್ಲ ಹೀಗೇ ಹೋಗುತ್ತದೆ ಎಂದರು. ಕೊನೆಯ ಚಿತ್ರದಲ್ಲಿ ಎರಡು ಶಬ್ದ ಇದ್ದವು. ಎಲ್ಲರೂ ಎದ್ದು ಹೋದ ಮೇಲೆ ನಾನು ಕೇಳಿದೆ.

"ಸಾರ್, ಅಸೆಟ್ ಲೈಟ್ ಅಂದ್ರೆ ಎಂತ? ಗೋಡೌನಿನ ಲೈಟಾ?"

"ಲೈಟ್ ಅಂದ್ರೆ ಹಗುರ ಕಣಯ್ಯ. ಸ್ವಂತ ಗಾಡಿ ಕಮ್ಮಿ ಮಾಡೋದು. ಬೇಕಾದಾಗ ಹೊರಗಡೆಯಿಂದ ಬಾಡಿಗೆಗೆ ತಗೊಳ್ಳೋದು."

"ಮತ್ತೆ ಡ್ರೈವರ್‌ಗಳು?"

"ಬಾಡಿಗೆ ಗಾಡಿ ಜೊತೆ ಡ್ರೈವರೂ ಬರ್ತಾನಲ್ಲ."

"ಅವರಲ್ಲ ಸಾರ್. ನಮ್ಮವರು."

ಅವರು ಲ್ಯಾಪ್‌ಟಾಪಿನ ವೈರ್ ಸುತ್ತತೊಡಗಿದರು. "ಮೇಲಿನವರು ಮಾತಾಡ್ತಿದಾರೆ ಅಷ್ಟೇ. ಈ ಚೀಸ್ ಕಾಂಟ್ರಾಕ್ಟ್ ನಿಂತ್ಕೊಂಡ್ರೆ ಸ್ವಂತ ಫ್ರಿಜ್ ಗಾಡಿ ಬೇಕೇ ಬೇಕು ಅಂತ ನಾನೇ ಹೇಳ್ತೀನಿ. ಬಾಡಿಗೆಯವರನ್ನ ಫ್ರಿಜ್ ವಿಷಯದಲ್ಲಿ ನಂಬಕ್ಕಾಗಲ್ಲ. ಮೊದಲನೇ ಲೋಡು ನೆಟ್ಟಗೆ ಬರ್ಲಿ. ಹೊರಗೆ ಬಾಯಿ ಬಿಡಬೇಡ."

ಬಾರದಿದ್ದರೆ ಎಂದು ನಾನು ಕೇಳಲಿಲ್ಲ. ಗೊತ್ತಾಗುತ್ತಿತ್ತು.

ಆ ಲೋಡಿಗೆ ನಾನು ಆರಿಸಿದ್ದು ಚಾಚಾನನ್ನು. ಯಾರ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೇ. ಉತ್ತರ ಪ್ರದೇಶದವರು, ಬಿಳಿ ಗಡ್ಡ, ನಮ್ಮ ಡ್ರೈವರ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವರು. ಫ್ರಿಜ್ ಗಾಡಿಯ ಟ್ರೈಲರಿಗೆ ಬೇರೆಯೇ ಒಂದು ಇಂಜಿನ್ ಇರುತ್ತದೆ, ಬೇರೆ ಡೀಸೆಲ್ ಟ್ಯಾಂಕ್. ಕೆಲವರು ದಾರಿಯಲ್ಲಿ ಅದನ್ನು ಆಫ್ ಮಾಡಿ, ಉಳಿದ ಡೀಸೆಲ್ ಮಾರಿ, ಊರು ಹತ್ತಿರ ಬಂದಾಗ ಆನ್ ಮಾಡುತ್ತಾರೆ. ಚಾಚಾ ಹಾಗೆ ಮಾಡುವವರಲ್ಲ. ನಾನೂ ಅವರೂ ಮಾತಾಡುವುದು ಹಿಂದಿಯಲ್ಲಿ. ಅವರದ್ದು ಹುಟ್ಟಿದ ಹಿಂದಿ, ನನ್ನದು ಇಲ್ಲಿ ಬಂದು ಕಟ್ಟಿಕೊಂಡದ್ದು. ಇಲ್ಲಿ ಹೆಚ್ಚಿನದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಹೊರಡುವ ಬೆಳಿಗ್ಗೆ ಚಾಚಾ ನನ್ನ ಕಿಟಕಿಯ ಹತ್ತಿರ ಬಂದರು.

"ಬೇಟಾ, ಗಾಡಿ ಮಾರ್ತಾರಂತೆ?"

"ಯಾರು ಹೇಳಿದ್ದು?"

"ಮೆಕ್ಯಾನಿಕ್. ಯಾರೋ ಸೂಟಿನವರು ಬಂದು ಟೈರ್ ಬಗ್ಗಿ ನೋಡಿ ಹೋದ್ರಂತೆ. ಎಮ್ಮೆ ಕೊಳ್ಳುವವರು ಹಲ್ಲು ನೋಡಿದ ಹಾಗೆ."

"ಮೆಕ್ಯಾನಿಕ್ಕಿಗೆ ಕೆಲಸ ಇಲ್ಲ. ನೀವು ಹೊರಡಿ ಚಾಚಾ."

"ಹೊರಡ್ತೇನೆ. ಇಕಾಮಾ ಈ ವರ್ಷ ಮುಗೀತದೆ, ಅದಕ್ಕೆ ಕೇಳಿದ್ದು. ಈ ಗಡ್ಡ ನೋಡಿ ಬೇರೆ ಯಾವ ಕಫೀಲ್ ತಗೊಳ್ತಾನೆ ನನ್ನನ್ನು? ಡ್ರೈವಿಂಗ್ ಲೈನ್ ಬಿಟ್ರೆ ಬೇರೆ ಲೈನ್ ನಂಗೆ ಗೊತ್ತಿಲ್ಲ."

"ಯಲ್ಲಾ, ಹೊರಡಿ ಚಾಚಾ, ಲಾರಿ ಬಿಡದ ಟೈಮ್ ಶುರು ಆಗ್ತದೆ. ಆಮೇಲೆ ಪೊಲೀಸ್ ಹಿಡೀತಾನೆ."

ಇಲ್ಲಿ ಬೆಳಿಗ್ಗೆ ಜನ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ದೊಡ್ಡ ಲಾರಿಗಳನ್ನು ರೋಡಿಗೆ ಬಿಡುವುದಿಲ್ಲ. ಇಕಾಮಾ ಎಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಅದನ್ನು ಮಾಡಿಸಿಕೊಡುವ ಧಣಿಯೇ ಕಫೀಲ್. ಅವರು ತಲೆ ಅಲ್ಲಾಡಿಸಿ ಹೋದರು.

ದುಬೈಯಲ್ಲಿ ಲೋಡ್ ಚೆನ್ನಾಗಿಯೇ ಆಯಿತು. ಮಾಲು ಹಾಕುವ ಮೊದಲು ಟ್ರೈಲರನ್ನು ಖಾಲಿಯಾಗಿಯೇ ತಣ್ಣಗೆ ಮಾಡಬೇಕು. ಬಿಸಿ ಪೆಟ್ಟಿಗೆಗೆ ತಣ್ಣಗಿನ ಮಾಲು ಹಾಕಿದರೆ ಫ್ರಿಜ್ ಎಷ್ಟು ಓಡಿದರೂ ಒಳಗಿನದ್ದು ಬೆವರುತ್ತದೆ. ಚಾಚಾ ಕಾದರು, ಮುಂಭಾಗದ ಸಣ್ಣ ಪರದೆಯಲ್ಲಿ ನಾಲ್ಕು ಡಿಗ್ರಿ ಬಂದಾಗ ಫೋಟೋ ಕಳಿಸಿದರು, ಆಮೇಲೆ ಬಾಗಿಲು ತೆರೆಸಿದರು. ಚೀಸ್, ಬೆಣ್ಣೆ, ಹಣ್ಣು ಹಾಕಿದ ಮೊಸರು. ಕಸ್ಟಮ್ಸಿನವರು ಸೀಲ್ ಹಾಕಿದರು. ಸೀಲ್, ಕಾಗದ, ಡ್ರೈವರಿನ ಪಾಸ್‌ಪೋರ್ಟ್ ಮೂರೂ ಒಂದೇ ಸೆಟ್. ಗಡಿಯಲ್ಲಿ ಕೌಂಟರಿನ ಎದುರು ಅದೇ ಡ್ರೈವರ್ ನಿಲ್ಲಬೇಕು. ನಡುವೆ ಬೇರೆಯವನನ್ನು ಕೂರಿಸಲು ಆಗುವುದಿಲ್ಲ.

ಸೌದಿಯ ಮರಳಿನ ನಡುವೆ ಮೊದಲ ಪೆಟ್ಟು ಬಿತ್ತು. ಕ್ಯಾಬಿನ್ನಿನ ಎಸಿ ಹೋಯಿತು.

"ಬಿಸಿ ಗಾಳಿ ಬರ್ತದೆ ಬೇಟಾ, ತಂದೂರಿನ ಹಾಗೆ. ನಾನು ರೊಟ್ಟಿ ಆಗ್ತೇನೆ."

ದಾರಿಯಲ್ಲಿ ವರ್ಕ್‌ಶಾಪ್ ಇತ್ತು. ಕಂಪ್ರೆಸರ್ ತರಿಸಬೇಕು, ಒಂದು ದಿನ ಬೇಕು ಎಂದರು. ನಾನು ಮ್ಯಾನೇಜರಿಗೆ ಹೇಳಿದೆ. ಅವರು ಗಡಿಯ ಕಡೆಯ ಸುದ್ದಿ ಕೇಳಿದರು. ನಮ್ಮ ಕ್ಲಿಯರಿಂಗ್ ಕೆಲಸ ನೋಡುವ ಮಂದೂಬ್ ಆಗಷ್ಟೇ ಫೋನ್ ಮಾಡಿದ್ದ: ಲಾರಿಗಳ ಲೈನು ಬೆಳೆಯುತ್ತಿದೆ, ಬೇಗ ಬಂದವನು ಬಚಾವ್. ನಾವು ಗೋಡೆಯ ಮೇಲೆ ನೋಡಿದ್ದ ಮೇಲೆ ಹೋಗುವ ಗೆರೆಯನ್ನು ಎಲ್ಲ ಕಂಪನಿಯವರೂ ನೋಡಿದ್ದರು. ಎಲ್ಲರೂ ಒಟ್ಟಿಗೆ ರೋಡಿಗೆ ಇಳಿದಿದ್ದರು.

"ಹೋಗ್ತಾ ಇರ್ಲಿ" ಎಂದರು ಸಾರ್. "ಓಡ್ತಾ ಇದ್ರೆ ಗಾಳಿ ಬರುತ್ತಲ್ಲ."

ಓಡುತ್ತಿದ್ದರೆ ಗಾಳಿ ಬರುತ್ತದೆ, ಸರಿ. ಗಡಿಯಲ್ಲಿ ಗಾಡಿ ಓಡುವುದಿಲ್ಲ.

ಚಾಚಾ ಸೇರುವ ಹೊತ್ತಿಗೆ ಲೈನು ಸೌದಿ ಬದಿಯ ರೋಡಿನಲ್ಲಿ ಬಹಳ ಹಿಂದಕ್ಕೆ ಬಂದಿತ್ತು. ಲೈನಿನ ಕೆಲಸ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಿಂತಲ್ಲಿ ನಿದ್ದೆ ಮಾಡಲು ಆಗುವುದಿಲ್ಲ. ಮುಂದಿನ ಗಾಡಿ ಜರುಗಿದ ಕೂಡಲೇ ಜರುಗಬೇಕು. ಇಲ್ಲದಿದ್ದರೆ ಬದಿಯಿಂದ ಒಬ್ಬ ಮೂಗು ತೂರಿಸುತ್ತಾನೆ. ಊಟಕ್ಕೋ ನಮಾಜಿಗೋ ಹೋಗಬೇಕಾದರೆ ಹಿಂದಿನವನ ಕೈಗೆ ಕೀ ಕೊಟ್ಟು ಹೋಗುವುದು ರೂಢಿ. ಅವನು ಎರಡೂ ಗಾಡಿ ಜರುಗಿಸುತ್ತಾನೆ. ಆದರೆ ಗೇಟು ಹತ್ತಿರವಾದ ಮೇಲೆ ಅದೂ ಇಲ್ಲ. ಯಾವಾಗ ಕೂಗುತ್ತಾರೆಂದು ಹೇಳಲಾಗುವುದಿಲ್ಲ, ಕೂಗಿದಾಗ ಪಾಸ್‌ಪೋರ್ಟಿನವನು ಇರಬೇಕು. ಲೈನಿನಿಂದ ಹೊರಗೆ ಬಂದರೆ ಮತ್ತೆ ಬಾಲಕ್ಕೆ.

ಮೊದಲ ದಿನ ಚಾಚಾ ಜೋಕು ಹೊಡೆಯುತ್ತಿದ್ದರು. ಹಿಂದೆ ನಾಲ್ಕು ಡಿಗ್ರಿಯಲ್ಲಿ ಮೊಸರು ಮಲಗಿದೆ, ಮುಂದೆ ನಾನು ಬೇಯುತ್ತಿದ್ದೇನೆ, ಮುಂದಿನ ಜನ್ಮ ಅಂತ ಇದ್ದರೆ ಮೊಸರಾಗುತ್ತೇನೆ ಎಂದರು. ನಾನು ನಕ್ಕೆ. ಫ್ರಿಜ್ಜಿನ ಫೋಟೋ ಕೇಳಿದೆ, ಕಳಿಸಿದರು. ನಾಲ್ಕು. ಮ್ಯಾನೇಜರಿಗೆ ದಾಟಿಸಿದೆ. ಅವರು ಅಂಗಡಿಯವರಿಗೆ ದಾಟಿಸಿದರು. ಎಲ್ಲರೂ ಖುಷಿ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವರು ಗೇಟಿನ ಹತ್ತಿರ ಬಂದಿದ್ದರು. ನಾನು ಫೋಟೋ ಕೇಳಿದೆ. ಬಂದದ್ದು ಸ್ಟೇರಿಂಗಿನ ಫೋಟೋ. ತಪ್ಪಿರಬೇಕು ಎಂದುಕೊಂಡು ಮತ್ತೆ ಕೇಳಿದೆ. ಈ ಸಲ ಬಂದದ್ದು ಬರೀ ಆಕಾಶ, ಬಿಳಿ. ಫೋನ್ ಮಾಡಿದೆ.

"ಚಾಚಾ, ಫ್ರಿಜ್ ಎಷ್ಟು?"

"ಸಬ್ ಠೀಕ್."

"ಡಿಗ್ರಿ ಹೇಳಿ."

"ಸಬ್ ಠೀಕ್, ಸಬ್ ಠೀಕ್."

"ನೀರು ಕುಡಿದ್ರಾ?"

"ಯಾವ ನೀರು?"

"ಬೆವರು ಬರ್ತದಾ?"

"ಇಲ್ಲ. ಈಗ ಆರಾಮ. ಬೆವರೇ ಇಲ್ಲ."

ಇಲ್ಲಿ ಬೇಸಿಗೆಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ಬೆವರುವವನ ಬಗ್ಗೆ ಹೆದರಿಕೆ ಇಲ್ಲ. ಬೆವರು ನಿಂತವನನ್ನು ಹೊತ್ತುಕೊಂಡು ನೆರಳಿಗೆ ಓಡಬೇಕು. ನಾನು ಬಂದ ಹೊಸತರಲ್ಲಿ ಯಾರ್ಡಿನ ಒಬ್ಬ ಹೆಲ್ಪರ್ ಆರಾಮ ಇದ್ದೇನೆ ಎಂದು ಹೇಳಿ, ಕಂಟೇನರಿಗೆ ಒರಗಿ ಕೂತವನು, ಆಮೇಲೆ ಏಳಲಿಲ್ಲ.

ಮ್ಯಾನೇಜರ್ ರೂಮಿಗೆ ಹೋದೆ.

"ಸಾರ್, ಚಾಚಾನನ್ನು ಲೈನಿನಿಂದ ತೆಗೀಬೇಕು. ಬಿಸಿಲು ತಲೆಗೆ ಹತ್ತಿದೆ."

"ಗೇಟು ಎಷ್ಟು ದೂರ?"

"ಹತ್ತಿರ. ಆದ್ರೆ ಇವತ್ತು ಕೂಗ್ತಾರಾ ಗೊತ್ತಿಲ್ಲ."

"ಹತ್ತಿರ ಅಂತೀಯ, ಬಿಡು ಅಂತೀಯ. ಈಗ ಬಿಟ್ರೆ ಬಾಲಕ್ಕೆ ಹೋಗ್ಬೇಕು. ಅಷ್ಟರಲ್ಲಿ ಫ್ರಿಜ್ಜಿನ ಡೀಸೆಲ್ ಮುಗಿಯುತ್ತೆ. ಮಾಲು ಹೋದ್ರೆ ಕಾಂಟ್ರಾಕ್ಟ್ ಹೋಯ್ತು, ಕಾಂಟ್ರಾಕ್ಟ್ ಹೋದ್ರೆ ಗಾಡಿಗಳು ಹೋದ್ವು. ಒಬ್ಬ ಚಾಚಾ ಅಲ್ಲ, ಎಲ್ಲ ಡ್ರೈವರ್‌ಗಳೂ ಹೋದ್ರು. ನಾನು ಬೇಕು ಅಂತ ಮಾಡ್ತಿದೀನಾ?"

ಅವರು ಹೇಳಿದ್ದು ಸುಳ್ಳಲ್ಲ. ಅದೇ ಕಷ್ಟ. ಸುಳ್ಳಾಗಿದ್ದರೆ ಜಗಳ ಮಾಡಬಹುದಿತ್ತು.

"ಒಂದೆರಡು ಗಂಟೆ ನೋಡೋಣ. ಪಕ್ಕದ ಗಾಡಿಯಲ್ಲಿ ಕೂರಕ್ಕೆ ಹೇಳು. ಯಾರದ್ದಾದ್ರೂ ಎಸಿ ಇರುತ್ತಲ್ಲ."

"ಅವರು ಈಗ ಹೇಳಿದ್ದು ಕೇಳುವ ಸ್ಥಿತಿಯಲ್ಲಿ ಇಲ್ಲ ಸಾರ್. ಆಕಾಶದ ಫೋಟೋ ಕಳಿಸ್ತಾರೆ."

"ನೋಡೋಣ ಅಂದ್ನಲ್ಲ."

ಹೊರಗೆ ಬಂದೆ. ಎರಡು ಗಂಟೆ ನೋಡಲು ನನಗೆ ಧೈರ್ಯ ಇರಲಿಲ್ಲ. ಮಾಲು ಹೋಗಲಿ ಎಂದು ಅಲ್ಲೇ ಮೆಟ್ಟಿಲ ಮೇಲೆ ತೀರ್ಮಾನ ಮಾಡಿ ಫೋನ್ ಮಾಡಿದೆ. ಬೇಗ ಬೇಗ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ, ಒಂದೇ ಮಾತು ತಲೆಗೆ ಹೋಗಬೇಕು ಎಂದು.

"ಚಾಚಾ, ಲೈನ್ ಛೋಡ್ ದೋ."

ಫೋನನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದೆ.

"ಕೇಳಿತಾ? ಲೈನ್ ಛೋಡ್ ದೋ. ಖಲಾಸ್."

"ಸಾಬ್ ಬೋಲಾ?" ಈ ಸಲ ದನಿ ಬೇರೆ ಇತ್ತು. ಎಚ್ಚರ ಇತ್ತು.

ಸಾಹೇಬರು ಹೇಳಿಲ್ಲ ಎಂದರೆ ಅವರು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. "ಹಾಂ ಚಾಚಾ, ಸಾಬ್ ಬೋಲಾ."

ಅವರು ಫೋನ್ ಇಟ್ಟರು. ಬಿಟ್ಟರಪ್ಪ ಎಂದು ನಾನು ಉಸಿರು ಬಿಟ್ಟೆ.

ಗಾಡಿ ಎಲ್ಲಿದೆ ಎಂದು ಕಂಪ್ಯೂಟರಿನಲ್ಲಿ ಕಾಣುತ್ತದೆ. ನೋಡಿದೆ. ಚುಕ್ಕಿ ಅಲ್ಲೇ ಇತ್ತು. ಹೊರಗೆ ತಿರುಗಿಸಲು ಜಾಗ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿನ ನಂತರ ಚುಕ್ಕಿ ಜರುಗಿತು. ಹೊರಗಲ್ಲ, ಮುಂದಕ್ಕೆ. ಲೈನಿನಲ್ಲೇ. ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಚುಕ್ಕಿ ಇನ್ನೊಂದು ಗಾಡಿಯಷ್ಟು ಮುಂದೆ ಹೋಯಿತು.

ಕುವೈತಿನ ಫರ್ವಾನಿಯಾದಲ್ಲಿ ನಾವು ಊರಿನವರು ಇರುವ ಬಿಲ್ಡಿಂಗಿನದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ಮೀನು ಬಂದಿದೆ, ರೂಮು ಖಾಲಿ ಇದೆ, ಊರಿಗೆ ಹೋಗುವವರು ಯಾರು, ಇಂಥದ್ದೇ ಬರುವುದು. ಅದರಲ್ಲಿ ಬಾಯಿಯಲ್ಲೇ ಹೇಳಿ ಕಳಿಸಿದೆ: ಗಡಿಯ ಲೈನಿನಲ್ಲಿ ಯಾರಾದರೂ ಇದ್ದೀರಾ, ಅರ್ಜೆಂಟ್. ಉಳ್ಳಾಲ ಕಡೆಯ ಬ್ಯಾರಿ ಡ್ರೈವರ್ ಒಬ್ಬರು ಕೂಡಲೇ ಫೋನ್ ಮಾಡಿದರು. ಬೇರೆ ಕಂಪನಿಯವರು, ಟೈಲ್ಸ್ ತುಂಬಿಕೊಂಡು ಲೈನಿನ ಹಿಂಭಾಗದಲ್ಲಿದ್ದರು.

"ಎಂತ ಮಾರಾಯ್ರೆ, ಯಾರು ಸತ್ತದ್ದು?"

"ಯಾರೂ ಸತ್ತಿಲ್ಲ. ಸಾಯುವ ಮೊದಲು ಹೋಗಿ." ಗಾಡಿಯ ಬಣ್ಣ, ನಂಬರ್, ಬಿಳಿ ಗಡ್ಡ, ಎಲ್ಲ ಹೇಳಿದೆ.

"ಗೇಟಿನ ಹತ್ತಿರವಾ? ಅಲ್ಲಿತನಕ ಈ ಬಿಸಿಲಿಗೆ ನಡೀಬೇಕಾ? ನೀವು ಎಸಿಯಲ್ಲಿ ಕೂತು ಚಂದ ಹೇಳ್ತೀರಿ." ಹೇಳುತ್ತಲೇ ಅವರು ಗಾಡಿಯಿಂದ ಇಳಿದದ್ದು, ಹಿಂದಿನವನಿಗೆ ಕೂಗಿ ಕೀ ಕೊಟ್ಟದ್ದು ನನಗೆ ಫೋನಿನಲ್ಲಿ ಕೇಳಿಸಿತು.

ಅವರು ನಡೆಯುವಷ್ಟು ಹೊತ್ತು ನಾನು ಚುಕ್ಕಿಯನ್ನು ನೋಡುತ್ತಾ ಕೂತೆ. ಆ ಹೊತ್ತಿನಲ್ಲಿ ಬೇರೆ ಎರಡು ಗಾಡಿಯವರು ಫೋನ್ ಮಾಡಿದರು. ಇಬ್ಬರಿಗೂ ಬೈದೆ. ಕೊನೆಗೂ ಬ್ಯಾರಿಯವರ ಫೋನ್ ಬಂತು.

"ಸಿಕ್ಕಿದ್ರು. ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದಾರೆ. ಮೈ ಮುಟ್ಟಿದ್ರೆ ಸುಡ್ತದೆ. ಇಳಿಯುದಿಲ್ಲ ಅಂತಾರೆ. ನೀವು ಎಂತ ಹೇಳಿದ್ದು ಇವರಿಗೆ?"

"ಲೈನ್ ಬಿಡ್ಲಿಕ್ಕೆ ಹೇಳಿದ್ದು."

"ಅದೇ. ಕೆಲಸ ಬಿಡ್ಲಿಕ್ಕೆ ಹೇಳಿದ್ರಂತಲ್ಲ. ಸಾಹೇಬರು ಡ್ರೈವಿಂಗ್ ಲೈನ್ ಬಿಡು ಅಂದ್ರಂತೆ, ಖಲಾಸ್ ಅಂದ್ರಂತೆ. ಮಾಲು ಮುಟ್ಟಿಸಿ ಕೀ ಕೊಟ್ಟೇ ಹೋಗುದು, ಕಳ್ಳನ ಹಾಗೆ ನಡುರೋಡಿನಲ್ಲಿ ಬಿಟ್ಟು ಹೋಗುದಿಲ್ಲ ಅಂತಾರೆ. ಎಂಥ ಜನ ನೀವು? ಗೇಟಿನ ಹತ್ತಿರ ಇರುವ ಮನುಷ್ಯನಿಗೆ ಫೋನಿನಲ್ಲಿ ಕೆಲಸ ತೆಗೆಯುದಾ?"

ಆಗ ಅರ್ಥವಾಯಿತು. ನಮ್ಮ ಊರಿನಲ್ಲಿ ಅಂಗಡಿಯ ಎದುರು ನಿಂತರೂ ಲೈನು, ಮಾಡುವ ಕಸುಬೂ ಲೈನು. ಅವರ ಹಿಂದಿಯಲ್ಲೂ ಹಾಗೇ. ಹೊರಡುವ ದಿನವೇ ಅವರು ಗಾಡಿ ಮಾರುವ ಸುದ್ದಿ ತಲೆಯಲ್ಲಿ ಹೊತ್ತುಕೊಂಡು ಹೋಗಿದ್ದರು. ನಾನು ಹೇಳಿದ ಒಂದು ಮಾತು ಅವರು ಕಾಯುತ್ತಿದ್ದ ಮಾತಿನ ಹಾಗೇ ಇತ್ತು.

"ಫೋನ್ ಅವರ ಕಿವಿಗೆ ಇಡಿ" ಎಂದೆ.

"ಚಾಚಾ, ನೌಕರಿ ಅಲ್ಲ. ಕತಾರ್. ಕತಾರ್ ಛೋಡೋ." ಸಾಲಿಗೆ ಹಿಂದಿಯಲ್ಲಿ ಕತಾರ್ ಎಂದೂ ಹೇಳುತ್ತಾರೆಂದು ಅವರಿಂದಲೇ ಕಲಿತದ್ದು.

 ಚಾಚಾ ನಿಧಾನವಾಗಿ ಕೇಳಿದರು, "ಈಗ ಕತಾರಿಗೆ ಕಳಿಸ್ತೀಯಾ? ಅಲ್ಲಿ ಯಾರ ಮೊಸರು ಉಂಟು?"

ಬ್ಯಾರಿಯವರು ನಕ್ಕದ್ದು ಕೇಳಿಸಿತು. ನನಗೆ ನಗು ಬರಲಿಲ್ಲ.

"ಚಾಚಾ, ಗಾಡಿ ಬದಿಗೆ ಹಾಕಿ ಆಸ್ಪತ್ರೆಗೆ ಹೋಗಿ. ಇಷ್ಟೇ ನಾನು ಹೇಳಿದ್ದು."

"ಮಾಲು?"

"ಮಾಲು ಹಾಳಾಗಲಿ."

"ಮತ್ತೆ ನೌಕರಿ?"

ನನಗೆ ಆ ಅಧಿಕಾರ ಇರಲಿಲ್ಲ. ಗೋಡೆಯ ಮೇಲಿನ ಎರಡು ಶಬ್ದ ನನಗೆ ಗೊತ್ತಿತ್ತು. ಈ ಮಾಲು ಹೋದರೆ ಏನಾಗುತ್ತದೆಂದೂ ಸಾರ್ ಬಿಡಿಸಿ ಹೇಳಿದ್ದರು. ಆದರೂ ಹೇಳಿದೆ.

"ನೌಕರಿ ಇದೆ ಚಾಚಾ. ಪಕ್ಕಾ."

"ಪಕ್ಕಾ?"

"ಪಕ್ಕಾ."

ಆಗ ಇಳಿದರು. ಇಳಿದ ಮೇಲೆ ಕಾಲು ನಿಲ್ಲಲಿಲ್ಲ ಎಂದು ಬ್ಯಾರಿಯವರು ಆಮೇಲೆ ಹೇಳಿದರು. ಹಿಂದಿನ ಗಾಡಿಯ ಇಬ್ಬರು ಬಂದು ಹಿಡಿದರಂತೆ. ಬ್ಯಾರಿಯವರೇ ನಮ್ಮ ಟ್ರೈಲರನ್ನು ಲೈನಿನಿಂದ ಹೊರಗೆ ಎಳೆದು ಮರಳಿನ ಬದಿಗೆ ನಿಲ್ಲಿಸಿದರು. ಒಂದು ಪಿಕಪ್ ಅಡ್ಡ ಹಾಕಿ, ಚಾಚಾನ ತಲೆಗೆ ಒದ್ದೆ ಬಟ್ಟೆ ಸುತ್ತಿ, ಗಡಿ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡ್ರಿಪ್ ಹಾಕಿದರು, ಮೈ ತಣ್ಣಗೆ ಮಾಡಿದರು, ಮಾರನೆಯ ದಿನದವರೆಗೆ ಬಿಡಲಿಲ್ಲ. ಬ್ಯಾರಿಯವರು ತಮ್ಮ ಗಾಡಿಗೆ ವಾಪಸ್ ಹೋಗುವಾಗ ನನಗೆ ಮತ್ತೆ ಫೋನ್ ಮಾಡಿದರು.

"ಮುದುಕರು ಬದುಕ್ತಾರೆ. ನಿಮ್ಮ ಮೊಸರು ಬದುಕುದಿಲ್ಲ. ಡೀಸೆಲ್ ತಳಕ್ಕೆ ಬಂದು ಫ್ರಿಜ್ ಇಂಜಿನ್ ಈಗಲೇ ಕೆಮ್ಮುತ್ತಾ ಉಂಟು, ತಂದು ಹಾಕುವವರು ಯಾರೂ ಇಲ್ಲ."

ಮ್ಯಾನೇಜರಿಗೆ ನಾನೇ ಹೋಗಿ ಹೇಳಿದೆ. ಅವರು ಕೂಗಲಿಲ್ಲ. ಅದು ಇನ್ನೂ ಕಷ್ಟ.

"ನಾನು ಬಿಡು ಅಂದ್ನಾ?"

"ಇಲ್ಲ ಸಾರ್."

"ನಾನು ಹೇಳ್ದೆ ಅಂತ ಯಾಕೆ ಹೇಳ್ದೆ?"

"ನೀವು ಹೇಳದಿದ್ರೆ ಅವರು ಬಿಡುದಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬದುಕಿದಾರಲ್ಲ?"

"ಬದುಕಿದ್ದಾರೆ."

"ಸರಿ, ಹೋಗು."

ಚಾಚಾ ಆಸ್ಪತ್ರೆಯಿಂದ ಬಂದು, ಬಾಲದಲ್ಲಿ ನಿಂತು, ಮತ್ತೆ ಅಷ್ಟೇ ದಾರಿ ಜರುಗಿ ಗಾಡಿಯನ್ನು ಒಳಗೆ ತಂದರು. ಅಷ್ಟರಲ್ಲಿ ಲೈನು ಕಮ್ಮಿ ಆಗಿತ್ತು, ಕ್ಯಾಬಿನ್ನಿಗೆ ಒಂದು ಫ್ಯಾನ್ ಸಿಕ್ಕಿಸಿದ್ದರು. ಫ್ರಿಜ್ಜಿಗೆ ಡೀಸೆಲ್ ಹಾಕಿ ನಾಲ್ಕಕ್ಕೆ ಇಳಿಸಿಯೂ ಇದ್ದರು. ಅದರಿಂದ ಪ್ರಯೋಜನ ಇಲ್ಲ. ಫ್ರಿಜ್ ತಾನು ಯಾವಾಗ ಎಷ್ಟು ಬಿಸಿ ಆಯಿತು ಎಂದು ಒಳಗೇ ಬರೆದಿಟ್ಟುಕೊಂಡಿರುತ್ತದೆ. ಅಂಗಡಿಯವರ ಹುಡುಗಿ ಬಂದು ಒಂದು ವೈರ್ ಸಿಕ್ಕಿಸಿ, ಪರದೆ ನೋಡಿ, ಬಾಗಿಲು ಕೂಡ ತೆರೆಯದೆ ಬೇಡ ಎಂದಳು. ಮುನಿಸಿಪಾಲಿಟಿಯವರ ಎದುರು ಎಲ್ಲ ಹೂಳಬೇಕಾಯಿತು. ಹೊಸ ಹೊಸ ಡಬ್ಬಿಗಳು, ಮೇಲೆ ಸ್ಟ್ರಾಬೆರಿ ಚಿತ್ರ. ಬುಲ್ಡೋಜರ್ ಹತ್ತಿದಾಗ ಒಡೆಯುವ ಸದ್ದು.

ಆ ಅಂಗಡಿಯವರು ಬೇರೆ ಕಂಪನಿಗೆ ಹೋದರು. ಆ ಕಂಪನಿಯದ್ದು ಸ್ವಂತ ಗಾಡಿಯೂ ಅಲ್ಲ, ಬಾಡಿಗೆಯದ್ದು. ಆ ಗಾಡಿಗಳು ಅದೇ ಲೈನಿನಲ್ಲಿ ನಿಲ್ಲುತ್ತವೆ. ಅವರ ಮಾಲು ಹಾಳಾದರೆ ಬಾಡಿಗೆಯವನ ತಲೆಗೆ, ಅವನು ಇನ್ನೊಬ್ಬನ ತಲೆಗೆ. ಕೊನೆಗೆ ಯಾರ ತಲೆಗೆ ಬರುತ್ತದೆಂದು ಹೇಳುವುದು ಬೇಡ. ಈ 'ಹಗುರ'ದ ಅರ್ಥ ನನಗೆ ಆಗ ಗೊತ್ತಾಯಿತು. ಭಾರ ಎಲ್ಲೂ ಹೋಗುವುದಿಲ್ಲ, ಕೆಳಗೆ ಇಳಿಯುತ್ತದೆ. ರೋಡಿನ ವ್ಯಾಪಾರ ಮೇಲೆ ಹೋಗುತ್ತದೆ ಎಂದು ಸಾರ್ ಹೇಳಿದ್ದು ಸರಿಯೇ. ಈಗಲೂ ಹೋಗುತ್ತಿದೆ. ನಮ್ಮ ಗಾಡಿಗಳು ಮಾತ್ರ ಅದರಲ್ಲಿ ಇಲ್ಲ.

ಬೇಸಿಗೆ ಮುಗಿಯುವ ಮೊದಲೇ ಮೇಲಿನವರು ಟ್ರೈಲರ್‌ಗಳನ್ನು ಮಾರಲು ತೀರ್ಮಾನಿಸಿದರು. ಕೆಲವು ಡ್ರೈವರ್‌ಗಳಿಗೆ ಬೇರೆ ಕಂಪನಿ ಸೇರಲು ರಿಲೀಸ್ ಕಾಗದ ಕೊಟ್ಟರು, ಹುಡುಗರು ಹೋಗಿ ಸೇರಿಕೊಂಡರು. ಚಾಚಾನಿಗೆ ಆ ದಾರಿ ಇರಲಿಲ್ಲ. ಗೋಡೌನಿನಲ್ಲಿ ಇಟ್ಟುಕೊಳ್ಳೋಣ ಎಂದು ಮ್ಯಾನೇಜರ್ ಮೇಲೆ ಹೋಗಿ ಮಾತಾಡಿದರು. ಮಾತಾಡಿದ್ದು ನಿಜ, ನಾನೇ ಬಾಗಿಲ ಹೊರಗೆ ನಿಂತಿದ್ದೆ. ಆಗಲಿಲ್ಲ. ಇಕಾಮಾ ರಿನ್ಯೂ ಇಲ್ಲ, ಟಿಕೆಟ್ ಕೊಡುತ್ತಾರೆ ಎಂದಾಯಿತು.

"ನಾನು ಹೇಳ್ಲಾ, ನೀನು ಹೇಳ್ತೀಯಾ?" ಎಂದರು ಸಾರ್.

"ನಾನೇ ಹೇಳ್ತೇನೆ. ಪಕ್ಕಾ ಅಂತ ಹೇಳಿದ್ದು ನಾನು."

ಚಾಚಾ ಯಾರ್ಡಿನ ಮೂಲೆಯಲ್ಲಿ ತಮ್ಮ ಗಾಡಿಯ ನೆರಳಿನಲ್ಲಿ ಸ್ಟೌ ಇಟ್ಟು ಚಹಾ ಕುದಿಸುತ್ತಿದ್ದರು. ಆ ಗಾಡಿಗೆ ಆಗಲೇ ಹೊಸ ಕಂಪ್ರೆಸರ್ ಹಾಕಿಸಿದ್ದರು, ಕೊಳ್ಳುವವರಿಗಾಗಿ. ನಾನು ಅವರ ಎದುರು ಕುಕ್ಕರಗಾಲಿನಲ್ಲಿ ಕೂತೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಗಾಡಿ ಮಾರುತ್ತಾರೆ, ನಿಮ್ಮ ಇಕಾಮಾ ಮಾಡುವುದಿಲ್ಲ, ಊರಿಗೆ ಹೋಗಬೇಕು ಎಂದೆ. ಅರ್ಥ ತಪ್ಪಲು ಎಲ್ಲೂ ಜಾಗ ಇಡಲಿಲ್ಲ.

ಅವರು ಚಹಾ ಸೋಸಿದರು. ನನಗೆ ಒಂದು ಗ್ಲಾಸು ಕೊಟ್ಟರು.

"ಅಂದ್ರೆ ಅವತ್ತು ನೀನು ಮೊದಲು ಹೇಳಿದ್ದೇ ನಿಜ."

"ಯಾವತ್ತು?"

"ಗೇಟಿನ ಹತ್ತಿರ. ಲೈನ್ ಬಿಡು, ಸಾಹೇಬರು ಹೇಳಿದ್ರು ಅಂತ."

"ಇಲ್ಲ ಚಾಚಾ. ಅದು ಕತಾರ್ ಅಂತ ಆಮೇಲೆ ಹೇಳಿದೆನಲ್ಲ. ಸಾಹೇಬರು ಏನೂ ಹೇಳಿರಲಿಲ್ಲ, ಅದು ನಾನೇ ಹೇಳಿದ್ದು."

"ಗೊತ್ತು. ನಾನು ಇಳಿಯಲ್ಲ ಅಂದೆ, ಅದಕ್ಕೆ ನೀನು ಮಾತು ತಿರುಗಿಸಿದೆ. ಕಾಯಿಲೆ ಮನುಷ್ಯನಿಗೆ ಅಂಥ ಸುದ್ದಿ ಕೊಡಬಾರದಲ್ಲ. ಒಳ್ಳೇದೇ ಮಾಡಿದೆ ಬೇಟಾ, ಸಿಟ್ಟಿಲ್ಲ."

"ಚಾಚಾ, ಅವತ್ತು ಏನೂ ತೀರ್ಮಾನ ಆಗಿರಲಿಲ್ಲ. ನಿಮ್ಮನ್ನು ಬಿಸಿಲಿನಿಂದ ತೆಗೆಯಲಿಕ್ಕೆ ಹೇಳಿದ್ದು. ಮಾಲು ಹಾಳಾಯಿತಲ್ಲ, ಆಮೇಲೆ ಆದದ್ದು ಇದು."

"ಹಾಂ."

"ದೇವರಾಣೆ."

"ಹಾಂ ಹಾಂ. ಚಹಾ ಕುಡಿ."

ಇನ್ನೂ ಒಂದು ಸಲ ಹೇಳಿದೆ, ನನಗೆ ಬರುವ ಹಿಂದಿ ಎಲ್ಲ ಹಾಕಿ, ಮೊದಲಿನಿಂದ. ಆಕಾಶದ ಫೋಟೋ, ಮೆಟ್ಟಿಲು, ಬ್ಯಾರಿಯವರ ಫೋನು.  ನಾನು ಮುಗಿಸುವವರೆಗೂ ಅವರು ಗ್ಲಾಸು ಹಿಡಿದು ನನ್ನ ಮುಖ ನೋಡುತ್ತಿದ್ದರು. ಆಮೇಲೆ, ಗಡಿಯಲ್ಲಿ ಆಫೀಸರು ಏನು ಹೇಳಿದರೂ ಹೇಳುವ ಹಾಗೆ, ತಲೆ ಬಗ್ಗಿಸಿ, "ಜೀ, ಜೀ" ಎಂದರು.